ಬೀಗದ ಕೈ ಕೊಡದ ಬೆಳೆ

ನಮ್ಮ ಮನೆಯಲ್ಲಿ ಒಳ್ಳೆಯ ಜಾಗವೆಲ್ಲ ಹುಳುಗಳದಾಗಿತ್ತು. ಅಕ್ಕೂರಿನ ಕಡೆ, ಹಿಪ್ಪುನೇರಳೆ ಸೊಪ್ಪಿನ ತೋಟದ ಅಂಚಿಗಿದ್ದ ನಾಡಹೆಂಚಿನ ಮನೆ ಅದು. ನಡುಮನೆ ತಂಪಾಗಿತ್ತು, ಗಾಳಿ ಆಡುತ್ತಿತ್ತು, ಬಿಸಿಲು ನೇರ ಬೀಳುತ್ತಿರಲಿಲ್ಲ. ಆದ್ದರಿಂದ ಅದನ್ನು ರೇಷ್ಮೆ ಹುಳುಗಳಿಗೆ ಬಿಟ್ಟಿದ್ದರು. ಗೋಡೆಯಿಂದ ಗೋಡೆಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಣೆಯಲ್ಲಿರುತ್ತಿದ್ದವು. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರು. ಮನುಷ್ಯರಿಗೆ ಉಳಿದದ್ದು ಹೊಗೆ ತುಂಬುವ ಅಡುಗೆಮನೆ, ಕೊಟ್ಟಿಗೆಗೆ ಅಂಟಿದ ಒಂದು ಸಣ್ಣ ಕೋಣೆ ಮತ್ತು ಜಗುಲಿ. ಹುಳುವಿಗೆ ಘಾಟು ಆಗದೆಂದು ಬೆಳೆ ಇದ್ದಷ್ಟು ದಿನ ಅವ್ವ ಒಗ್ಗರಣೆ ಹಾಕುತ್ತಿರಲಿಲ್ಲ. ಮುದ್ದೆ, ಉಪ್ಸಾರು, ಮತ್ತೆ ಮುದ್ದೆ, ಉಪ್ಸಾರು. ಅಪ್ಪ ಬೀಡಿ ಸೇದಬೇಕಾದರೆ ಹುಣಸೆಮರದ ಆಚೆ ಹೋಗಿ, ಬಾಯಿ ಮುಕ್ಕಳಿಸಿ, ಕೈ ತೊಳೆದು ಒಳಗೆ ಬರಬೇಕಿತ್ತು. ನಾನು ತಟ್ಟೆಯ ಮುಂದೆ ಕೂತು ಗೊಣಗುತ್ತಿದ್ದೆ.

"ಈ ಮನೇಲಿ ಹುಟ್ಟೋದಾದ್ರೆ ಹುಳ ಆಗಿ ಹುಟ್ಬೇಕು ಕಣವ್ವ."

"ಹುಟ್ಟು ಮಗ. ಕೊನೇಲಿ ಬಿಸ್ನೀರಿಗೆ ಹಾಕಿ ಬೇಯಿಸ್ತಾರೆ, ಅದ್ಕೂ ಸಿದ್ಧವಾಗಿರು."

ಅವ್ವನ ಮಾತು ಹಾಗೆ. ನಗುತ್ತಲೇ ಕೆಟ್ಟದ್ದನ್ನೂ ಎಣಿಸಿಬಿಡುತ್ತಿದ್ದಳು. ಅದನ್ನು ಅವಳಿಗೆ ಕಲಿಸಿದ್ದು ತಾತನ ಸಾವು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿಗೆ ಎಲ್ಲಿಲ್ಲದ ಹಸಿವು. ಆಗ ಸೊಪ್ಪು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ, ಇಲ್ಲವೇ ಹುಳು ಗೂಡೇ ಕಟ್ಟದೆ ಸಾಯುತ್ತದೆ. ಅಂಥ ಹೊತ್ತಿನಲ್ಲೇ ತಾತ ತೀರಿಕೊಂಡ. ಸಾವಿನ ಸೂತಕ ಇದ್ದವರು ಹುಳುಮನೆಗೆ ಕಾಲಿಡಬಾರದೆಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಮನೆಯವರೆಲ್ಲ ಹೊರಗೆ ಉಳಿದರು. ಮಣ್ಣಿಗೆ ಬಂದ ಊರವರಲ್ಲಿ ಯಾರಿಗೂ ಯಾವ ತಟ್ಟೆಗೆ ಎಂಥ ಸೊಪ್ಪು ಎಂದು ಗೊತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ನೀರಾಡುವ ಒದ್ದೆ ಸೊಪ್ಪನ್ನೇ ತಂದು ಸುರಿದರು. ಸೂತಕ ಕಳೆದು ಬಾಗಿಲು ತೆಗೆದಾಗ ಬಂದ ವಾಸನೆ ನನಗೆ ಇಂದಿಗೂ ನೆನಪಿದೆ. ಅವ್ವ ಆ ಹುಳುಗಳನ್ನೆಲ್ಲ ಗುಡಿಸಿ ತಿಪ್ಪೆಗುಂಡಿಗೆ ಹಾಕಿ ಮಣ್ಣೆಳೆದಳು. "ಮಾವನ್ಗೆ ಅತ್ನೋ, ಹುಳಕ್ಕೆ ಅತ್ನೋ ನಂಗೇ ಗೊತ್ತಿಲ್ಲ" ಎಂದು ಎಷ್ಟೋ ವರ್ಷಗಳ ಮೇಲೂ ಹೇಳುತ್ತಿದ್ದಳು. ಹಾಗೆ ಹೇಳುವಾಗ ತಲೆ ತಗ್ಗಿಸುತ್ತಿದ್ದಳು.

ಅದಾದ ಮೇಲೆ ಅವ್ವ ಒಂದು ಏರ್ಪಾಡು ಮಾಡಿಕೊಂಡಳು. ರಸ್ತೆಯ ಆಚೆ ಬದಿಯಲ್ಲಿ ಸಾಕಮ್ಮನ ಮನೆಯಿತ್ತು. ಅವರು ನಮ್ಮ ಜಾತಿಯವರಲ್ಲ, ನಮ್ಮ ಸೂತಕ ಅವರಿಗೆ ತಟ್ಟುವುದಿಲ್ಲ, ಅವರದು ನಮಗೆ ತಟ್ಟುವುದಿಲ್ಲ. ಅವಳಿಗೂ ಒಂದಿಷ್ಟು ತಟ್ಟೆ ಹುಳು ಇದ್ದವು. ಪ್ರತಿ ಬೆಳೆಗೆ ಹುಳುವಿನ ಮೊಟ್ಟೆ ತರುವ ಮೊದಲು ಅವ್ವ ಎಲೆ ಅಡಿಕೆ, ಬಾಳೆಹಣ್ಣು, ಹುಳುಮನೆಯ ಇನ್ನೊಂದು ಬೀಗದ ಕೈ ಹಿಡಿದು ಅವಳ ಬಾಗಿಲಿಗೆ ಹೋಗುವಳು. ಸಾಕಮ್ಮ ಬಂದು ತಟ್ಟೆಗಳನ್ನೆಲ್ಲ ನೋಡಿಕೊಂಡು, ಕತ್ತಿ ಎಲ್ಲಿದೆ, ಎಳೆ ಸೊಪ್ಪು ಯಾವ ಸಾಲಿನದು ಎಂದು ತಿಳಿದುಕೊಂಡು ಹೋಗುವಳು. ಅವಳ ಬೆಳೆಗೆ ಅವ್ವನೂ ಹಾಗೇ ಮಾಡುವಳು. ಅದಕ್ಕಿಂತ ಮುಖ್ಯವಾಗಿ, ಇಬ್ಬರೂ ಒಟ್ಟಿಗೆ ಮೊಟ್ಟೆ ತರುತ್ತಿರಲಿಲ್ಲ. ಒಂದು ಮನೆಯ ಹುಳು ಹಸಿದು ನಿಂತಾಗ ಇನ್ನೊಂದು ಮನೆಯ ಕೈ ಬಿಡುವಾಗಿರಬೇಕು ಎಂದು ಹಿಂದು ಮುಂದು ಮಾಡಿಕೊಳ್ಳುತ್ತಿದ್ದರು.

"ಏನಕ್ಕಯ್ಯ, ಈ ಸಲ ಯಾರ್ನ ಸಾಯ್ಸಾಕೆ ಹೊಂಟಿದ್ದೀಯೆ?" ಎಂದು ಸಾಕಮ್ಮ ಬಾಗಿಲಲ್ಲೇ ಕೂಗುವಳು.

"ನಿನ್ ಬಾಯಿಗೆ ಸಗಣಿ ಹಾಕ. ಯಾರೂ ಸಾಯ್ದಿರ್ಲಿ ಅಂತ್ಲೇ ಬಂದಿವ್ನಿ. ತಗಾ, ಮಡಿಕ್ಕೊ."

"ಮಡಿಕ್ಕತೀನಿ ಬುಡು. ನಮ್ಮತ್ತೆ ಬೇರೆ ಒಂದೇ ಸಮ ಕೆಮ್ತಾವ್ಳೆ. ನೀನೂ ಒಸಿ ರೆಡಿಯಾಗಿರು."

ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಗುವರು. ಒಂದು ವಿಚಾರ ಮಾತ್ರ ಬರೆಯಲು ಕೈ ಹಿಂಜರಿಯುತ್ತದೆ. ನಮ್ಮ ಹುಳುಮನೆಗೆ ನೇರವಾಗಿ ನಡೆದು ಬರುತ್ತಿದ್ದ ಸಾಕಮ್ಮನಿಗೆ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಅವಳು ಜಗುಲಿಯ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ಅವಳ ಮನೆಯಲ್ಲಿ ನಾವು ನೀರು ಮುಟ್ಟುತ್ತಿರಲಿಲ್ಲ. ಅವ್ವನಿಗೂ ಅದು ತಪ್ಪೆನಿಸಿದ್ದನ್ನು ನಾನು ಕಾಣೆ. ನನಗಂತೂ ಅನಿಸುತ್ತಲೇ ಇರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ನಮ್ಮ ಮನೆಯಲ್ಲಿ ಅಷ್ಟು ಓದಿದವನು ನಾನೇ ಮೊದಲು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಜೊತೆಗಿದ್ದ ಒಬ್ಬ ಗೆಳೆಯ ಒಂದು ದಿನ ಟೀ ಅಂಗಡಿಯ ಮುಂದೆ ಎಲ್ಲರೆದುರು ಕೇಳಿದ.

"ಏನ್ಲಾ, ನಿಮ್ಮನೆ ಬೀಗದ ಕೈ ಆ ಸಾಕಿ ಸೊಂಟದಲ್ಲಿ ಐತಂತಲ್ಲ? ಗೌಡ್ರು ನೀವೋ ಅವ್ಳೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮುಂದಿನ ಬೆಳೆಗೆ ಮೊಟ್ಟೆ ತರುವ ಹೊತ್ತಿಗೆ ಕನಕಪುರದ ಕಡೆಯಿಂದ ಅಜ್ಜಿಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದರು. ಅವ್ವ ತವರಿಗೆ ಹೊರಟು ನಿಂತಳು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಜೋಡಿಸಿಟ್ಟು, ಮೇಲೆ ಬೀಗದ ಕೈ ಇಟ್ಟಳು.

"ನಿಮ್ಮಪ್ಪನ್ಗೆ ಹೇಳಿದ್ರೆ ಮರ್ತೋಯ್ತನೆ. ನೀನು ಓದ್ದೋನು. ಮೊಟ್ಟೆ ತರೋಕ್ ಮುಂಚೆ ಇದ್ನ ಸಾಕಿಗೆ ಕೊಟ್ಬುಟ್ ಬಾ. ಕರ್ಕಬಂದು ಮನೇನೆಲ್ಲ ಒಂದ್ಸಲ ತೋರ್ಸು."

"ಹೂಂ ಕಣವ್ವ, ಕೊಡ್ತೀನಿ."

ತಟ್ಟೆ ಹಿಡಿದು ರಸ್ತೆಯ ಅಂಚಿನವರೆಗೆ ಹೋದೆ. ಸಾಕಮ್ಮನ ಬಾಗಿಲು ತೆರೆದೇ ಇತ್ತು. ರಸ್ತೆಯಲ್ಲಿ ಇಬ್ಬರು ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. ಅವರು ನೋಡುತ್ತಾರಲ್ಲ ಎನಿಸಿತು. ತೋಟದೊಳಕ್ಕೆ ತಿರುಗಿಕೊಂಡೆ. ಸೊಪ್ಪಿನ ಸಾಲಿನ ಮರೆಯಲ್ಲಿ ಕೂತು ಬಾಳೆಹಣ್ಣನ್ನು ನಾನೇ ತಿಂದೆ. ಎಲೆಯನ್ನು ಪೊದೆಗೆ ಎಸೆದೆ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಅಪ್ಪ ಕೇಳಿದಾಗ ಕೊಟ್ಟೆನೆಂದೆ. ಸಾಕಮ್ಮ ಕೆಲವು ದಿನ ಕಾದಿರಬೇಕು. ಆಮೇಲೆ ಬಾವಿಯ ಹತ್ತಿರ ಸಿಕ್ಕಳು.

"ಏನ್ ಚಿಕ್ಕಗೌಡ್ರೆ, ಈ ಸಲ ನಿಮ್ಮನೇಲಿ ಯಾರೂ ಸಾಯಾಕಿಲ್ವಂತಾ?"

"ನಮ್ಮನೆ ಚಿಂತೆ ನಿಂಗ್ಯಾಕೆ?"

ಅವಳು ಕೊಡವನ್ನು ಸೊಂಟಕ್ಕೇರಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ ಬುಡಪ್ಪ. ಹಂಗಾದ್ರೆ ನಾನೂ ಮೊಟ್ಟೆ ತತ್ತೀನಿ" ಎಂದು ಹೋದಳು. ನಮ್ಮ ಬೆಳೆಯೂ ಅವಳ ಬೆಳೆಯೂ ಹೆಚ್ಚುಕಡಿಮೆ ಒಟ್ಟಿಗೆ ಎದ್ದವು. ಎರಡು ಮನೆಗಳ ನಡುವೆ ಬಿಡುವಾದ ಕೈ ಒಂದೂ ಉಳಿಯಲಿಲ್ಲ. ಆಗ ನನಗೆ ಅದು ತಲೆಗೇ ಬರಲಿಲ್ಲ. ಗೆದ್ದೆನೆಂದುಕೊಂಡೆ.

ಅಪ್ಪನಿಗೆ ಒಬ್ಬನೇ ಅಣ್ಣ. ದೊಡ್ಡವ್ವ ತನ್ನ ಮನೆಗೆ ಒಬ್ಬಳೇ ಮಗಳಾದ್ದರಿಂದ ದೊಡ್ಡಪ್ಪ ಮನೆ ಅಳಿಯನಾಗಿ ಬೈರಾಪಟ್ಟಣದಲ್ಲಿ ನೆಲೆಸಿದ್ದ. ಅಣ್ಣತಮ್ಮಂದಿರು ಸೇರಿದರೆ ಹೆಚ್ಚು ಮಾತಾಡುತ್ತಿರಲಿಲ್ಲ. ಜಗುಲಿಯ ಮೇಲೆ ಪಕ್ಕಪಕ್ಕ ಕೂತು ಒಂದೇ ಬೆಂಕಿಕಡ್ಡಿಯಲ್ಲಿ ಇಬ್ಬರೂ ಬೀಡಿ ಹಚ್ಚಿಕೊಳ್ಳುತ್ತಿದ್ದರು, ಅಷ್ಟೆ. ಆ ಬೆಳೆಯ ಹೊತ್ತಿಗೆ ದೊಡ್ಡಪ್ಪ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿಯಿತ್ತು. ನಾಲ್ಕನೆಯ ಜ್ವರ ಎದ್ದ ಹುಳುಗಳು ಸೊಪ್ಪನ್ನು ದಂಟು ಸಮೇತ ಮುಗಿಸುತ್ತಿದ್ದವು. ಕೂಲಿ ಹೆಂಗಸರು ಸಾಲದೆ ನಾನೂ ಬೆಳಗಿನಿಂದ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಆಗ ದೊಡ್ಡಪ್ಪನ ಅಳಿಯ, ನನ್ನ ಜಯಮ್ಮಕ್ಕನ ಗಂಡ, ಸೈಕಲ್ಲಿನಲ್ಲಿ ಬಂದು ತೋಟದ ದಾರಿಯಲ್ಲೇ ನಿಂತ. ಅಂಗಿ ಬೆವರಿನಿಂದ ಮೈಗಂಟಿತ್ತು.

"ಮಾವ ಹೋಗ್ಬುಟ್ರು ಕಣ್ಲಾ. ಈಗ, ಹೊತ್ತು ಮೂಡೋ ಗಳಿಗೇಲಿ. ನಿಮ್ಮಪ್ಪ ಎಲ್ಲಿ?"

ಅಪ್ಪ ಮನೆಯಲ್ಲೇ ಇದ್ದ. ಕೂಗಿದರೆ ಕೇಳುವಷ್ಟು ದೂರದಲ್ಲಿ, ತಟ್ಟೆಗಳ ಮುಂದೆ ನಿಂತಿದ್ದ. ಹೇಳಿದರೆ ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಓಡುತ್ತಾನೆಂದು ನನಗೆ ಗೊತ್ತಿತ್ತು. ಆಮೇಲೆ ಹುಳುಮನೆಗೆ ಅವನೂ ಹೋಗುವಂತಿಲ್ಲ, ನಾನೂ ಹೋಗುವಂತಿಲ್ಲ. ಸಾಕಮ್ಮ ಅವಳ ಹಸಿದ ಹುಳುಗಳ ಜೊತೆ ಒದ್ದಾಡುತ್ತಿದ್ದಳು. ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ನಮ್ಮಲ್ಲಿ ಒಂದು ನಂಬಿಕೆಯಿದೆ. ದೂರದಲ್ಲಾದ ಸಾವಿನ ಸೂತಕ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಶುರುವಾಗುತ್ತದೆ. ಅಪ್ಪನ ಕಿವಿಗೆ ಬೀಳದಿದ್ದರೆ ಅಪ್ಪನಿಗೆ ಸೂತಕವಿಲ್ಲ. ಈ ಲೆಕ್ಕವನ್ನು ನಾನು ಸೊಪ್ಪಿನ ಹೊರೆ ಕಟ್ಟುತ್ತಾ ಹಾಕಿದೆ.

"ಅಪ್ಪ ಸೊಪ್ಪು ಸಾಲ್ದು ಅಂತ ಮಾಗಡಿ ಕಡೆ ಹೋಗವ್ರೆ ಭಾವ. ಬಂದೇಟ್ಗೆ ಕಳುಸ್ತೀನಿ."

"ಬೇಗ ಕಳ್ಸು. ಅತ್ತೆ ಅಂತೂ ಮೈದುನ ಬರೋಗಂಟ ಎತ್ತಾಕಿಲ್ಲ ಅಂತ ಕುಂತವ್ರೆ. ನಾನಿನ್ನೂ ಎಷ್ಟೋ ಊರಿಗೆ ಹೇಳ್ಬೇಕು."

ಸೈಕಲ್ಲು ಹೋಯಿತು. ನಾನು ಹೊರೆ ಹೊತ್ತು ಮನೆಗೆ ಬಂದೆ. ಸೂತಕ ಹೊತ್ತುಕೊಂಡೇ ಹುಳುಮನೆಯೊಳಗೆ ಕಾಲಿಟ್ಟೆ. ಅಪ್ಪ ತಿರುಗಿ ನೋಡಿ, "ಯಾರ್ಲಾ ಅದು, ಮಾತು ಕೇಳಿಸ್ತಲ್ಲ?" ಎಂದ. ಸೊಪ್ಪು ಕೇಳಲು ಯಾರೋ ಬಂದಿದ್ದರೆಂದೆ. ಆ ರಾತ್ರಿ ಇಬ್ಬರೇ ಉಣ್ಣಲು ಕೂತೆವು. ಅವ್ವ ಇಲ್ಲದ ಅಡುಗೆ, ಮುದ್ದೆ ಗಂಟುಗಂಟಾಗಿತ್ತು. ಅಪ್ಪ ಅದನ್ನೇ ಮುರಿಯುತ್ತಾ ತನ್ನಷ್ಟಕ್ಕೆಂಬಂತೆ ಮಾತಾಡಿದ.

"ಅಣ್ಣನ್ಗೆ ಈ ಉಪ್ಸಾರು ಅಂದ್ರೆ ಪ್ರಾಣ. ಹುಳ ಹಣ್ಣಾಗಿ ಗೂಡಿಗೆ ಬುಟ್ಟೇಟ್ಗೆ ಒಂದ್ಗಳಿಗೆ ಹೋಗಿ ನೋಡ್ಕಂಡ್ ಬಂದ್ಬುಡ್ತೀನಿ. ನಾಕು ದಿನ ತಾನೆ. ಏನಂತೀಯ?"

"ಹೋಗ್ಬಾ ಅಪ್ಪ" ಎಂದೆ. ನನ್ನ ಬಾಯಿಂದ ಆ ಮಾತು ಬಂತು. ತುತ್ತನ್ನೂ ನುಂಗಿದೆ. ಆ ಹೊತ್ತಿಗೆ ಬೈರಾಪಟ್ಟಣದಲ್ಲಿ ಮಣ್ಣು ಮುಗಿದಿತ್ತು. ಹೊತ್ತು ಮುಳುಗುವವರೆಗೂ ದೊಡ್ಡವ್ವ ಗಂಡನ ಮುಖಕ್ಕೆ ಬಟ್ಟೆ ಹಾಕಲು ಬಿಡದೆ ದಾರಿ ನೋಡಿದಳೆಂದು ಆಮೇಲೆ ತಿಳಿಯಿತು. ಹುಳುಗಳು ಹಣ್ಣಾಗಿ ಗೂಡು ಕಟ್ಟತೊಡಗಿದಾಗ ಅಪ್ಪ ಹೊರಡುತ್ತೇನೆಂದ. ಗೂಡು ಬಿಡಿಸುವವರೆಗೆ ಇರು, ನನ್ನೊಬ್ಬನ ಕೈಲಿ ಆಗದು ಎಂದು ನಾನೇ ತಡೆದೆ. ಅವನು ಉಳಿದ. ಹುಳು ಬಿಟ್ಟು ಹೊರಗೆ ಕಾಲಿಡದ ಅವನ ಕಿವಿಗೆ ಸುದ್ದಿ ಬೀಳಲಿಲ್ಲ.

ನನ್ನ ಸೂತಕ ಹುಳುವಿಗೆ ತಟ್ಟಲಿಲ್ಲ. ಅಷ್ಟು ಗಟ್ಟಿಯಾದ, ಅಷ್ಟು ಒಪ್ಪವಾದ ಗೂಡು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮ ರಾಶಿಯ ಮುಂದೆ ನೂಲು ಬಿಚ್ಚುವವರು ಮುತ್ತಿಕೊಂಡರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಲೆದೂಗಿದರು. ಅಪ್ಪ ಬೆಳ್ಳಗೆ ನಗುತ್ತಾ ನಿಂತಿದ್ದ. ಪಕ್ಕದ ರಾಶಿಯವನು ಬೈರಾಪಟ್ಟಣದ ಗುರುತಿನ ಮನುಷ್ಯ.

"ಏನ್ ಗೌಡ್ರೆ, ಮಾರ್ಕೆಟ್ಟಿಗೆ ಬರಾಕೆ ಪುರುಸೊತ್ತಾಯ್ತು, ಮಣ್ಣಿಗೆ ಬರಾಕೆ ಆಗ್ನಿಲ್ಲ?"

"ಯಾರ ಮಣ್ಣಿಗೆ?"

ಆ ಮನುಷ್ಯನ ಮುಖ ಇಳಿದುಹೋಯಿತು. "ನಿಮ್ಮಣ್ಣಂದು ಕಣ್ ಗೌಡ್ರೆ. ಹೇಳಿ ಕಳ್ಸಿದ್ರಲ್ಲ" ಎಂದ. ಅಪ್ಪ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ. ಹರಾಜು ಕೂಗುತ್ತಿದ್ದಂತೆಯೇ ಅಪ್ಪ ಗೂಡಿನ ರಾಶಿಯನ್ನು ಬಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಹೆಗಲ ಮೇಲಿನ ಟವೆಲು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಅವನ ಹಿಂದೆಯೇ ಓಡಬೇಕಿತ್ತು. ನಾನು ಹರಾಜು ಮುಗಿಯುವವರೆಗೆ ನಿಂತೆ. ಒಳ್ಳೆಯ ಬೆಲೆಗೆ ಮಾರಿದೆ. ಆಮೇಲೆ ಟವೆಲು ಎತ್ತಿಕೊಂಡು ಬಸ್ಸು ಹತ್ತಿದೆ.

ಬೈರಾಪಟ್ಟಣದ ಮನೆಯ ಮುಂದೆ ಚಪ್ಪರ ಇನ್ನೂ ಇತ್ತು. ಒಳಗೆ ನಡುಮನೆಯಲ್ಲಿ ನೆಂಟರು ಗೋಡೆಗೆ ಒರಗಿ ಕೂತಿದ್ದರು. ಅಪ್ಪ ಕಂಬದ ಪಕ್ಕ ನಿಂತಿದ್ದ. ಅವನ ಮುಂದೆ ಎಲೆ ಹಾಕಿದ್ದರು, ಅನ್ನ ಹಾಗೇ ಇತ್ತು. ನಾನು ಬಾಗಿಲ ಹೊರಗೇ ನಿಂತೆ. ಭಾವ ಹೇಳುತ್ತಿದ್ದ.

"ನಾನೇ ಬಂದು ಹೇಳಿದ್ನಲ್ಲ ಮಾವ. ನಿಮ್ಮ ಹುಡ್ಗನ್ಗೆ, ತೋಟ್ದಲ್ಲಿ. ಅವ್ನು ಹೇಳ್ನಿಲ್ವಾ?"

ಅಪ್ಪ ನನ್ನನ್ನು ನೋಡಿದ. ಬಾಗಿಲ ಬೆಳಕಿನಲ್ಲಿ ನಾನು ಅವನಿಗೆ ಸ್ಪಷ್ಟವಾಗಿ ಕಾಣುತ್ತಿದ್ದೆ.

"ಹೇಳ್ದ. ಅವತ್ತೇ ಹೇಳ್ದ. ನಾನೇ ಬರ್ನಿಲ್ಲ. ಹುಳ ಇದ್ವು."

ದೊಡ್ಡವ್ವ ತಣ್ಣಗೆ, "ಹುಳ ಚೆನ್ನಾಗ್ ಆದ್ವಾ?" ಎಂದು ಕೇಳಿದಳು. ಅಪ್ಪ ಹೂಂ ಎಂದ.

ಊರಿಗೆ ನಡೆದು ಬರುವ ದಾರಿಯಲ್ಲಿ ಅಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದ.

"ನಿಂಗೆ ಗೊತ್ತಿತ್ತಾ, ಹೇಳಿದ್ರೆ ನಾನು ಹುಳ ಬುಟ್ ಹೋಯ್ತೀನಿ ಅಂತ?"

"ಗೊತ್ತಿತ್ತಪ್ಪ."

"ಅಷ್ಟು ಗೊತ್ತಿತ್ತಲ್ಲ, ಸಾಕು" ಎಂದ. ಮತ್ತೆಂದೂ ಆ ವಿಚಾರ ಎತ್ತಲಿಲ್ಲ. ಅವ್ವ ತವರಿಂದ ಬಂದ ಮೇಲೆ, ಅವಳಿಂದ ವಿಷಯ ತಿಳಿದ ಸಾಕಮ್ಮ ಜಗುಲಿಗೆ ಬಂದು ನನ್ನ ಮುಂದೆಯೇ ಅತ್ತಳು. "ನನ್ ಬಾಗ್ಲಿಗೆ ಬರಾಕೆ ನಾಚ್ಕೆ ಆಗಿದ್ರೆ ಆಚೆ ನಿಂತು ಒಂದು ಕಲ್ಲಾದ್ರೂ ಎಸೀಬಾರ್ದಿತ್ತೇನಪ್ಪ? ಓಡ್ಬತ್ತಿದ್ದೆ" ಎಂದಳು. ಅವಳ ಕೈಗೆ ಮಜ್ಜಿಗೆ ಕೊಡಲು ಹೋದ ಅವ್ವ, ಲೋಟವನ್ನು ಹಿಡಿದುಕೊಂಡೇ ನಿಂತುಬಿಟ್ಟಳು.

ಆಮೇಲೆ ನಾನು ರಾಮನಗರದಲ್ಲಿ ನೂಲು ಬಿಚ್ಚುವ ಘಟಕ ಹಾಕಿದೆ. ನನ್ನಷ್ಟು ಮುಂಜಾಗ್ರತೆಯವನು ಈ ಊರಲ್ಲಿಲ್ಲ ಎಂದು ಜನ ಹೇಳುತ್ತಾರೆ. ಗೂಡನ್ನು ಸಕಾಲಕ್ಕೆ ಬಿಚ್ಚದಿದ್ದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಹಾಳು. ಆದ್ದರಿಂದ ಆಚೆ ಬೀದಿಯ ಇನ್ನೊಂದು ಘಟಕದವರ ಜೊತೆ ಮೊದಲೇ ಮಾತಾಗಿತ್ತು. ನಮ್ಮದು ನಿಂತರೆ ನಮ್ಮ ಗೂಡು ಅವರು ಬಿಚ್ಚಬೇಕು, ಅವರದು ನಿಂತರೆ ಅವರ ಗೂಡು ನಾವು. ಮುಖ್ಯ ಕೆಲಸ ಯಾವುದನ್ನೂ ಒಬ್ಬನೇ ಆಳಿಗೆ ಕಲಿಸಿ ಬಿಡಲಿಲ್ಲ. ಯಾರ ಮನೆಯಲ್ಲಿ ಸಾವು ನೋವಾದರೂ, ಹೋಗಿ ಬಾ ಎಂದು ಕೂಡಲೇ ಹೇಳುವಂತಿರಬೇಕು, ಅದೇ ನನ್ನ ಲೆಕ್ಕ. ಕೊರೊನಾದಲ್ಲಿ ಎಲ್ಲವೂ ಮುಚ್ಚಿದಾಗ, ಆಮೇಲೆ ಮಳೆಯ ನೀರು ಬೀದಿಗೆ ನುಗ್ಗಿದಾಗ ನಾವು ಉಳಿದುಕೊಂಡೆವು. ಈಚೆಗೆ ಇಲ್ಲಿನ ವ್ಯಾಪಾರಸ್ಥರು ಸಭೆ ಮಾಡಿ, ಆಪತ್ತಿನಲ್ಲಿ ಕಸುಬನ್ನು ಉಳಿಸಿಕೊಳ್ಳುವುದು ಹೇಗೆಂದು ಹೇಳಿ ಎಂದು ನನ್ನನ್ನು ಕರೆದರು. ಇದನ್ನೆಲ್ಲ ಹೇಳಿದೆ. ಅವ್ವನ ಏರ್ಪಾಡಿನ ಕತೆ ಹೇಳಿದೆ. ಚಪ್ಪಾಳೆ ಹೊಡೆದರು. ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದು ಕಾಲು ಮುಟ್ಟಿದ. ಜಯಮ್ಮಕ್ಕನ ಮೊಮ್ಮಗ.

"ನಮ್ಮಜ್ಜಿ ಹೇಳ್ತಿರ್ತಾರೆ ತಾತ, ನಿಮ್ಮಪ್ಪ ಹುಳಕ್ಕೋಸ್ಕರ ಅಣ್ಣನ ಹೆಣಾನೇ ನೋಡೋಕೆ ಬರ್ಲಿಲ್ಲವಂತೆ. ಅಂಥೋರ ಮನೇಲಿ ಹುಟ್ಟಿ ನೀವು ಹಿಂಗೆ ಮಾತಾಡ್ತೀರಲ್ಲ!"

ಅವನು ತಮಾಷೆಗೆ ಹೇಳಿದ. ನಾನು ನಕ್ಕೆ. ಹಾಗೆ ಅಪ್ಪನ ಮೇಲೆ ನಗುತ್ತಾ ಮೂರನೆಯ ತಲೆಮಾರಿನವರೆಗೂ ಆ ಸುಳ್ಳನ್ನು ದಾಟಿಸಿಬಿಟ್ಟೆ. ಮನೆಗೆ ಬಂದು ನನ್ನ ಬದುಕಿನ ಕತೆಯ ಈ ಅಧ್ಯಾಯ ಬರೆಯಲು ಕೂತೆ. ಬರೆದದ್ದನ್ನು ತೆಗೆದುಕೊಂಡು ಬೈರಾಪಟ್ಟಣಕ್ಕೆ ಹೋದೆ. ಜಯಮ್ಮಕ್ಕನಿಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಎದುರು ಕೂತು ಮೊದಲಿಂದ ಕೊನೆಯವರೆಗೆ ಓದಿದೆ. ಅಪ್ಪನ ಮಾತು ಬಂದಲ್ಲಿ ಓದಲಾಗದೆ ನಿಂತೆ. ಅವಳು ಕಾದಳು. ಮುಗಿದಾಗ ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಅವತ್ತು ಚಿಕ್ಕಪ್ಪ ಉಣ್ದೆ ಎದ್ದೋದ್ರು ಕಣೋ" ಎಂದಳು. "ಎಲೆ ಮುಂದೆ ಒಸಿ ಹೊತ್ತು ನಿಂತಿದ್ರು. ಕೂತ್ಕೊ ಅಂತ ನಾವ್ಯಾರೂ ಅನ್ನಿಲ್ಲ."